ಜ್ಯೂಸಿನ ಮೇಲೊಂದು ಕೊಸರು

ಪೆರುವಿನ ಕುಸ್ಕೊ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಬೆನ್ನಿಗೆ ಚೀಲ ಏರಿಸಿಕೊಂಡು ಬಂದಿಳಿದ ಗೆಳೆಯರ ದಂಡು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತದೆ. ಮೊದಲ ದಿನ ಮಾಚು ಪಿಚುವಿನ ಮಾತು ಬಿಟ್ಟು ಸ್ಯಾನ್ ಪೆದ್ರೊ ಮಾರುಕಟ್ಟೆಯಲ್ಲಿ ನಿಧಾನಕ್ಕೆ ಅಡ್ಡಾಡುವುದೇ ಜಾಣತನ.

ಅಲ್ಲಿ ಜ್ಯೂಸ್ ಅಂಗಡಿಗಳದ್ದೇ ಒಂದು ಸಾಲು. ಕಟ್ಟೆಯ ಮೇಲೆ ಪೇರಿಸಿಟ್ಟ ಪಪ್ಪಾಯ, ಮಾವು, ಅನಾನಸ್. ಹಿಂದೆ ಗರಗರ ತಿರುಗುವ ಮಿಕ್ಸಿ. ಲೋಟ ಖಾಲಿಯಾದ ಮೇಲೆ ಅಂಗಡಿಯಾಕೆ ಜಾರಿನಲ್ಲಿ ಉಳಿದದ್ದನ್ನೂ ಸುರಿಯುತ್ತಾಳೆ. ‘ಯಾಪಾ’ ಎಂಬ ಈ ಕೊಸರನ್ನು ಕೇಳಿ ಪಡೆಯಲು ಸಂಕೋಚವೇ ಬೇಡ.

ಇನ್ನು ಆಲೂಗಡ್ಡೆ. ಹಾಸನದ ಹೊಲಗಳಲ್ಲಿ ಬೆಳೆಯುವ ಈ ಗಡ್ಡೆಯ ತವರು ಇದೇ ಆಂಡೀಸ್ ಸೀಮೆ. ನೇರಳೆ, ಕೆಂಪು, ಹಳದಿ, ಗಂಟುಗಂಟಾದದ್ದು, ಸೊಟ್ಟಗಿನದು, ಹೀಗೆ ಸಾವಿರಾರು ತಳಿಗಳಿವೆ. ಒಣಗಿಸಿದ ಆಲೂಗಡ್ಡೆ ‘ಚುನ್ಯೊ’ ಅಂತೂ ಥೇಟ್ ಬೆಣಚುಕಲ್ಲಿನಂತೆ! ಕೊರೆಯುವ ರಾತ್ರಿಗಳಲ್ಲಿ ಗಡ್ಡೆಗಳನ್ನು ಬಯಲಲ್ಲಿ ಹರವಿ ಹೆಪ್ಪುಗಟ್ಟಿಸಿ, ಹಗಲು ಬರಿಗಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಇಂಕಾ ದೊರೆಗಳ ಉಗ್ರಾಣಗಳಲ್ಲೂ ಇದರ ದಾಸ್ತಾನಿತ್ತು. ರುಚಿ ಮಾತ್ರ ಮಣ್ಣಿನ ವಾಸನೆ ಇಷ್ಟಪಡುವವರಿಗೇ ಸರಿ.

ಮೂಟೆಗಟ್ಟಲೆ ಕೋಕಾ ಎಲೆಯೂ ಸಿಗುತ್ತದೆ. ಎತ್ತರಕ್ಕೆ ಬರುವ ತಲೆನೋವಿಗೆ ಅದರ ಚಹಾ ಸ್ಥಳೀಯರ ಮನೆಮದ್ದು. ಪೆರುವಿನಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆ ಅದನ್ನು ನಿಷೇಧಿಸಿದೆ. ಕುಡಿಯುವುದಿದ್ದರೆ ಅಲ್ಲೇ ಕುಡಿದು ಮುಗಿಸಿ; ನೆನಪಿಗೆಂದು ಒಂದು ಟೀ ಬ್ಯಾಗನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ.