ಹಿರೇಬೆಂಡಿಗೇರಿಯಲ್ಲಿ ಒಂದು ಮೊಳದ ನೋಟ

ಹುಬ್ಬಳ್ಳಿಯನ್ನು ಬಿಟ್ಟು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಕ್ಷಿಣಾಭಿಮುಖವಾಗಿ ಹೊರಟ ಪ್ರವಾಸಿಗನಿಗೆ ಶಿಗ್ಗಾಂವಿ ತಾಲ್ಲೂಕಿನ ಪರಿಚಯವಾಗುವುದು ಗೊಟಗೋಡಿಯಲ್ಲಿ. ಕಲಾವಿದ ಟಿ.ಬಿ. ಸೊಲಬಕ್ಕನವರ ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ ಇಲ್ಲಿದೆ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಇಲ್ಲಿಯೇ ಇದೆ. ಒಂದು ಕಡೆ ಹಳ್ಳಿಯ ಬಾಳು ಶಿಲ್ಪವಾಗಿ ನಿಂತಿದ್ದರೆ ಇನ್ನೊಂದು ಕಡೆ ಅಧ್ಯಯನದ ವಿಷಯವಾಗಿ ಕುಳಿತಿದೆ. ಅದು ಉಸಿರಾಡುತ್ತ ಓಡಾಡುವುದನ್ನು ಕಾಣಬೇಕೆಂಬವನು ಮಾತ್ರ ಹೆದ್ದಾರಿಯ ಮೋಹವನ್ನು ತೊರೆದು ಹಿರೇಬೆಂಡಿಗೇರಿಯಂಥ ಊರಿಗೆ ಇಳಿಯಬೇಕು.

ಇದು 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಸೀಮೆ. ಕನಕದಾಸರ ಬಾಡವೂ ಶರೀಫರ ಶಿಶುನಾಳವೂ ಇದೇ ತಾಲ್ಲೂಕಿಗೆ ಸೇರಿದವು. ಊರಿನ ಹೆಸರಿನ ಕೊನೆಯ 'ಗೇರಿ' ನಮ್ಮ ಹಳೆಯ 'ಕೇರಿ'ಯೇ; ಸಮಾಸದಲ್ಲಿ ಕಕಾರ ಗಕಾರವಾಯಿತು. ಊರೆಂಬುದು ಒಂಟಿ ಮನೆಯಲ್ಲ, ಮನೆಗಳ ಸಾಲು ಎಂಬುದನ್ನು ಆ ಹೆಸರೇ ಸಾರುತ್ತದೆ. ಕ್ಯಾಮೆರಾ ಹಿಡಿದು ಬರುವವನು ಮರೆಯಬಾರದ ಮಾತಿದು.

ಏಕೆಂದರೆ ಅವನ ಕೈಚೀಲದಲ್ಲಿರುವ ಒಂದು ಸಲಕರಣೆಯ ಗುಣವೇ ಸಾಲನ್ನು ಅಳಿಸಿ ಒಂಟಿಯನ್ನು ಉಳಿಸುವುದು. ಅದು ಸಿನಿಮಾ ಮಸೂರವನ್ನು ಸಣ್ಣ ಡಿಜಿಟಲ್ ವಿಡಿಯೊ ಕ್ಯಾಮೆರಾಕ್ಕೆ ತೊಡಿಸುವ ಅಡಾಪ್ಟರ್. ಅದರ ಕಥೆ ಸ್ವಾರಸ್ಯವಾಗಿದೆ. ಪ್ಯಾನಸಾನಿಕ್ ಸಂಸ್ಥೆಯ ಡಿವಿಎಕ್ಸ್ 100 ಎಂಬ ಕೈಕ್ಯಾಮೆರಾ 2002ರಲ್ಲಿ ಬಂದಾಗ, ಅಲ್ಪಧನರೂ ಸಿನಿಮಾದ ಚಲನೆಯನ್ನು ಪಡೆಯುವಂತಾಯಿತು. ಸಿನಿಮಾದ ನೋಟ ಮಾತ್ರ ದಕ್ಕಲಿಲ್ಲ. 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರದ ಅಗಲ ಸುಮಾರು 22 ಮಿಲಿಮೀಟರ್. ಈ ಕ್ಯಾಮೆರಾದ ಒಳಗಿನ ಚಿಪ್ಪಿನ ಅಗಲವಾದರೋ 5 ಮಿಲಿಮೀಟರಿಗೂ ಕಡಿಮೆ. ಚಿಕ್ಕ ಚಿತ್ರಕ್ಕೆ ಚಿಕ್ಕ ಸಂಗಮದೂರದ ಮಸೂರ, ಆ ಮಸೂರಕ್ಕೆ ಎಲ್ಲವೂ ಸ್ಪಷ್ಟ: ಮುಂದಿನ ಅಜ್ಜನೂ ಹಿಂದಿನ ಬಣವೆಯೂ ಸರಿಸಮಾನ.

ಇದಕ್ಕೆ ಜರ್ಮನಿಯ ಮ್ಯೂನಿಕ್ ನಗರದ ಪಿ ಪ್ಲಸ್ ಎಸ್ ಟೆಕ್ನಿಕ್ ಮೊದಲಾದ ಸಂಸ್ಥೆಗಳು ಕಂಡುಕೊಂಡ ಉಪಾಯ ಬಲು ಸೊಗಸಿನದು. ದೊಡ್ಡ ಮಸೂರದ ಚಿತ್ರವನ್ನು ಮೊದಲು ಒಂದು ಮಬ್ಬುಗಾಜಿನ ಮೇಲೆ ಬೀಳಿಸುವುದು. ಆ ಗಾಜಿನ ಮೇಲಿನ ಚಿತ್ರವನ್ನು ಸಣ್ಣ ಕ್ಯಾಮೆರಾದಿಂದ ಸಮೀಪದಿಂದಲೇ ಹಿಡಿಯುವುದು. ಗಾಜು ಸುಮ್ಮನಿದ್ದರೆ ಅದರ ಕಣಗಳು ಚಿತ್ರದಲ್ಲಿ ಕಾಣುತ್ತವೆಂದು ಅದನ್ನು ತಿರುಗಿಸುತ್ತಿದ್ದರು, ಇಲ್ಲವೆ ನಡುಗಿಸುತ್ತಿದ್ದರು. ಚಿತ್ರ ತಲೆಕೆಳಗಾಗಿ ಬರುತ್ತಿದ್ದುದರಿಂದ ಪಟ್ಟಕವಿಟ್ಟು ನೆಟ್ಟಗೆ ಮಾಡಬೇಕಾಗಿತ್ತು. ಹಣವಿಲ್ಲದವರು ನೋಡುವ ಪರದೆಯನ್ನೇ ತಲೆಕೆಳಗು ಮಾಡಿಕೊಳ್ಳುತ್ತಿದ್ದರು! ಎಲ್ಲಕ್ಕಿಂತ ದೊಡ್ಡ ತೆರಿಗೆ ಬೆಳಕಿನದು. ಒಂದು ಸ್ಟಾಪ್ ನಷ್ಟವೆಂದರೆ ಬಂದ ಬೆಳಕಿನಲ್ಲಿ ಅರ್ಧ ಹೋಯಿತೆಂದೇ ಲೆಕ್ಕ.

ಮಧ್ಯಾಹ್ನ ಇಳಿದ ಮೇಲೆ ಈ ಸೀಮೆಯ ಊರ ಅಗಸಿಯ ಕಟ್ಟೆಯಲ್ಲಿ ಕುಳಿತ ಹಿರಿಯನೊಬ್ಬನನ್ನು ಅಡಾಪ್ಟರಿನ ಮೂಲಕ ನೋಡಿದರೆ ಅದರ ಮಹಿಮೆ ತಿಳಿಯುತ್ತದೆ. 50 ಮಿಲಿಮೀಟರಿನ ಮಸೂರ, ಎಫ್ 2ರ ದ್ವಾರ, 3 ಮೀಟರ್ ದೂರ. ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ ಒಂದು ಮೊಳ. ರುಮಾಲಿನ ಸುತ್ತು, ಗಲ್ಲದ ಗೆರೆ, ಕಣ್ಣಿನ ತೇವ ಎದ್ದು ಬರುತ್ತವೆ. ಉಳಿದ ಜಗತ್ತು ಮಂಜಾಗಿ ಕರಗುತ್ತದೆ. ಅಡಾಪ್ಟರಿಲ್ಲದ ಸಣ್ಣ ಕ್ಯಾಮೆರಾ ಅದೇ ನೋಟವನ್ನು ಹಿಡಿದರೆ ಅದಕ್ಕಿಂತ ಹಲವು ಪಟ್ಟು ಆಳದವರೆಗೂ ಎಲ್ಲ ನಿಚ್ಚಳ. ಮುಖಕ್ಕೆ ಒಂದು ಮೊಳವೇ ಚೆಂದವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ದೀಪಾವಳಿಯಲ್ಲಿ ಹಾವೇರಿ ಸೀಮೆಯ ಹೋರಿ ಬೆದರಿಸುವ ಹಬ್ಬಕ್ಕೆ ಇದನ್ನು ಹೊತ್ತು ಬಂದವನ ಪಾಡು ಬೇರೆ. ಕೊರಳ ತುಂಬ ಕೊಬ್ಬರಿಯ ಸರ ತೊಟ್ಟ ಹೋರಿ ಜನರ ಗೋಡೆಯ ನಡುವೆ ಬಾಣದಂತೆ ನುಗ್ಗುವಾಗ ಒಂದು ಮೊಳದ ನೋಟ ಏನನ್ನು ಹಿಡಿದೀತು? ಮಸೂರದ ಬಳೆಯನ್ನು ಕೈ ತಿರುಗಿಸುವಷ್ಟರಲ್ಲಿ ಹೋರಿ ಮುಂದೆ ಹೋಗಿರುತ್ತದೆ. ದಾಖಲಾಗಿ ಉಳಿಯುವುದು ಧೂಳು.

ದೊಡ್ಡಾಟದ ರಾತ್ರಿಯಂತೂ ಇನ್ನೂ ಕಠಿಣ. ಮಬ್ಬುಗಾಜು ನುಂಗಿದ ಬೆಳಕು ಅಲ್ಲಿ ತೀರ ಬೇಕಾದ ಬೆಳಕು. ಅದೂ ಅಲ್ಲದೆ ದೊಡ್ಡಾಟ ಒಬ್ಬ ವೇಷಧಾರಿಯ ಮುಖವಲ್ಲ. ಹೆಜ್ಜೆ ಕುಣಿಸುವ ಮದ್ದಳೆ, ಪದ ಎತ್ತುವ ಹಿಮ್ಮೇಳ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡೇ ನೋಡುವ ತಾಯಂದಿರು, ಎಲ್ಲ ಕೂಡಿ ಒಂದು ಆಟ. ಮುಂದಿನ ಪೀಳಿಗೆಯ ವಿದ್ಯಾರ್ಥಿಯು ಹೆಜ್ಜೆಗೂ ಮದ್ದಳೆಗೂ ಇದ್ದ ನಂಟನ್ನು ಹುಡುಕಿದಾಗ, ಮದ್ದಳೆಗಾರನ ಕೈ ಮಂಜಿನಲ್ಲಿ ಮುಳುಗಿದ್ದರೆ ಆ ಸುಂದರ ಚಿತ್ರದಿಂದ ಅವನಿಗೇನು ಫಲ? ಆಟ ಬಲ್ಲವರು ವಿರಳವಾಗುತ್ತಿರುವ ಕಾಲದಲ್ಲಿ ಇದು ಕೇವಲ ರುಚಿಯ ಪ್ರಶ್ನೆಯಲ್ಲ.

ಮಬ್ಬುಗಾಜಿನ ಯುಗ ಬಹಳ ದಿನ ಬಾಳಲಿಲ್ಲ. 36 ಮಿಲಿಮೀಟರ್ ಅಗಲದ ಸಂವೇದಕವುಳ್ಳ ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾ 2008ರಲ್ಲಿ ವಿಡಿಯೊ ಹಿಡಿಯತೊಡಗಿದ ಮೇಲೆ ಆ ಸಲಕರಣೆಗಳು ಕಪಾಟು ಸೇರಿದವು. ಇಂದಿನ ಅಡಾಪ್ಟರ್ ಬಹುಮಟ್ಟಿಗೆ ಬರಿಯ ಲೋಹದ ಬಳೆ. ನಿಕಾನಿನ ಹಳೆಯ ಮಸೂರಕ್ಕೆ ಚಿತ್ರತಲದಿಂದ 46.5 ಮಿಲಿಮೀಟರ್ ದೂರ ಬೇಕು, ಸೋನಿಯ ಕನ್ನಡಿರಹಿತ ಕ್ಯಾಮೆರಾದಲ್ಲಿ ಇರುವುದು 18, ನಡುವಣ 28.5 ಮಿಲಿಮೀಟರನ್ನು ಬಳೆ ತುಂಬುತ್ತದೆ. ಅದರಲ್ಲಿ ಗಾಜಿಲ್ಲ, ಆದ್ದರಿಂದ ಬೆಳಕಿನ ತೆರಿಗೆಯೂ ಇಲ್ಲ. ಆ ಒಂದು ಮೊಳ ಮಾತ್ರ ಹಾಗೆಯೇ ಉಳಿದಿದೆ.

ಹಾಗೆಂದು ಮಸೂರವನ್ನು ಮನೆಯಲ್ಲಿಟ್ಟು ಬರಬೇಕಾಗಿಲ್ಲ. ಆಟದ ರಾತ್ರಿ ಚಿಕ್ಕ ಚಿಪ್ಪಿನ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ರಂಗವನ್ನೂ ಹಿಮ್ಮೇಳವನ್ನೂ ಕೂಡಿಯೇ ಹಿಡಿಯಲಿ. ಬೆಳಗಿನ ಜಾವ ಮಂಗಳ ಹಾಡಿ, ಕಿರೀಟ ಕೆಳಗಿಳಿದು, ರಾಕ್ಷಸನ ಪಾತ್ರಧಾರಿ ಕೊಬ್ಬರಿ ಎಣ್ಣೆಯಿಂದ ಬಣ್ಣ ಒರೆಸಿಕೊಳ್ಳುತ್ತ ಕೂತಾಗ, ಒಳಗಿನ ಒಕ್ಕಲಿಗನ ಮುಖ ತುಸುತುಸುವೇ ಹೊರಬರುತ್ತದೆ. ಬಳೆ ತೊಡಿಸಿ ದೊಡ್ಡ ಮಸೂರ ಹಚ್ಚಲು ಅದೇ ಸಮಯ.