ಆಟದ ರಾತ್ರಿಗೊಂದು ಚಿತ್ರಕಥೆ

ಮಳೆಗಾಲಕ್ಕೆ ಮುನ್ನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ದೀಪಾವಳಿ ಕಳೆಯುವ ತನಕ ನಮ್ಮ ಕೊಕ್ಕಡದ ಸುತ್ತಮುತ್ತ ಬಯಲಾಟವಿಲ್ಲ. ಆ ಮಳೆಗಾಲಕ್ಕೆ ನನಗೆ ಚಿತ್ರಕಥೆಗಳೇ ಜೊತೆ. ಚಾವಡಿಯಲ್ಲಿ ಕಾಲು ಚಾಚಿ ಕೂತು ಓದಿದ್ದನ್ನೇ ಮತ್ತೆ ಓದುತ್ತೇನೆ. ಓದುವಾಗಲೆಲ್ಲ ಈ ಪುಟದಲ್ಲಿ ಚೆಂಡೆ ಕೇಳುತ್ತದೆಯೇ ಎಂದು ನೋಡುವುದು ನನ್ನ ಅಭ್ಯಾಸ. ಸದ್ದಿಲ್ಲದ ಕಾಗದದ ಮೇಲೆ ಸಂಗೀತ ಕೇಳಿಸುವುದು ಚಿತ್ರಕಾರನಿಗೆ ನಿಜವಾದ ಪರೀಕ್ಷೆ.

ಮಾತು ಅಮರ ಚಿತ್ರಕಥೆಯಿಂದಲೇ ಶುರುವಾಗಬೇಕು. 1967ರಲ್ಲಿ ಆ ಮಾಲಿಕೆಯನ್ನು ಕಟ್ಟಿದ ಅನಂತ ಪೈ ಹುಟ್ಟಿದ್ದು ನಮ್ಮ ಪಕ್ಕದ ಕಾರ್ಕಳದಲ್ಲಿ. ಪುರಾಣವನ್ನು ಕಣ್ಣಿಗೆ ಕಟ್ಟಿಕೊಟ್ಟ ಆ ಪುಸ್ತಕಗಳ ಋಣ ನನ್ನ ಮೇಲಿದೆ. ಆದರೂ 'ತಾನ್‌ಸೇನ್' ಸಂಚಿಕೆ ಹಿಡಿದಾಗಲೆಲ್ಲ ಹಸಿವು ಉಳಿದುಬಿಡುತ್ತದೆ. ದೀಪಕ ರಾಗವೆಂದರೆ ಉರಿ, ಮಲ್ಹಾರವೆಂದರೆ ಮಳೆ. ಹಾಡಿನ ಫಲ ಕೈಗೆ ಸಿಗುತ್ತದೆ, ಹಾಡು ಸಿಗುವುದಿಲ್ಲ. ಮೂವತ್ತು ಚಿಲ್ಲರೆ ಪುಟಗಳಲ್ಲಿ ಒಂದು ಜನ್ಮವನ್ನೇ ಮುಗಿಸಬೇಕಾದಾಗ ಆಲಾಪಕ್ಕೆ ಜಾಗವೆಲ್ಲಿ?

ನನ್ನ ದೊಡ್ಡ ತಕರಾರು ಅಸುರರದ್ದು. ಆ ಮಾಲಿಕೆಯಲ್ಲಿ ದೇವರು ಚೆಂದ, ರಕ್ಕಸ ಕುರೂಪಿ. ಅವನು ಬರುವುದೇ ಸೋಲುವುದಕ್ಕೆ. ನಂದಿನಿ ಚಂದ್ರ, ಕಾರ್ಲೀನ್ ಮೆಕ್ಲೇನ್ ಅವರಂಥ ವಿದ್ವಾಂಸರು ಈ ಮಾಲಿಕೆಯ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದಾರೆ. ಆದರೆ ದೇವಿ ಮಹಾತ್ಮೆ ಆಟ ನೋಡಿದವರಿಗೆ ಅಸುರನ ಈ ಚಿತ್ರಣದಲ್ಲಿ ಏನು ಕೊರತೆಯೆಂದು ಯಾರೂ ವಿವರಿಸಬೇಕಾಗಿಲ್ಲ. ನಡುರಾತ್ರಿ ಕಳೆದ ಮೇಲೆ ಸಭೆಯ ಹಿಂದಿನಿಂದ, ದೊಂದಿಗಳ ನಡುವೆ, ರಾಳದ ಹುಡಿ ಭುಗಿಲೆನ್ನುವಾಗ ಕೊಂಬು ಹೊತ್ತು ಬರುವ ಮಹಿಷಾಸುರನಿಗೆ ನಮ್ಮಲ್ಲಿ ಸಿಗುವ ಮರ್ಯಾದೆಯೇ ಬೇರೆ. ನಮ್ಮ ತೆಂಕುತಿಟ್ಟು ಶೈಲಿಯಲ್ಲಿ ರಕ್ಕಸನ ಪಾತ್ರ ಮಾಡುವ ಬಣ್ಣದ ವೇಷಧಾರಿ, ವೇಷ ಕಟ್ಟುವ ಚೌಕಿಯಲ್ಲಿ ಕನ್ನಡಿ ಮುಂದಿಟ್ಟುಕೊಂಡು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಿಂದ ಮುಖಕ್ಕಿಡುತ್ತಾನೆ. ಒಂದು ಸಾಲು ಒಣಗಬೇಕು, ಅದರ ಮೇಲೆ ಇನ್ನೊಂದು ಸಾಲು. ಹೀಗೆ ಗಂಟೆಗಟ್ಟಲೆ ಕೂತ ಮೇಲೆ ಮುಖವೆಲ್ಲ ಬಿಳಿ ಮುಳ್ಳು. ಹೆಸರಾಂತ ವೇಷಧಾರಿ ಬಣ್ಣದ ಮಾಲಿಂಗನವರ ಹೆಸರಿನಲ್ಲೇ ಬಣ್ಣ ಸೇರಿಕೊಂಡದ್ದು ಈ ಮರ್ಯಾದೆಯಿಂದ.

ಸಂಗೀತ ಮತ್ತು ರಾತ್ರಿ ಎರಡನ್ನೂ ಹಿಡಿದ ಚಿತ್ರಕಥೆ ನನಗೆ ಸಿಕ್ಕಿದ್ದು ದೂರದಿಂದ. ಬ್ರಿಟನ್ನಿನ ಕೀರನ್ ಗಿಲೆನ್ ಬರೆದು ಜೇಮಿ ಮೆಕೆಲ್ವಿ ಚಿತ್ರ ಬಿಡಿಸಿದ 'ಫೋನೋಗ್ರಾಮ್' 2006ರಲ್ಲಿ ಶುರುವಾಯಿತು. ಅಲ್ಲಿ ಹಾಡೇ ಮಂತ್ರವಿದ್ಯೆ. ಅದರ ಎರಡನೆಯ ಮಾಲೆ 'ದಿ ಸಿಂಗಲ್ಸ್ ಕ್ಲಬ್' ನನ್ನ ಮೆಚ್ಚಿನದು. ಬ್ರಿಸ್ಟಲ್ ಊರಿನ ಒಂದು ಕ್ಲಬ್ಬು, ಒಂದೇ ರಾತ್ರಿ, ಏಳು ಸಂಚಿಕೆ, ಏಳು ಜನ. ಒಬ್ಬಳ ಕುಣಿತ ಇನ್ನೊಬ್ಬನ ಕಥೆಯಲ್ಲಿ ಮೂಲೆಯ ಸಣ್ಣ ಚಿತ್ರವಾಗಿ ಮತ್ತೆ ಕಾಣುತ್ತದೆ. ಆಗ ಮೊದಲು ಓದಿದ್ದಕ್ಕೆ ಬೇರೆಯೇ ಅರ್ಥ ಬರುತ್ತದೆ. ಅಲ್ಲಿನ ಬ್ಯಾಂಡುಗಳ ಹೆಸರು ತಿಳಿಯದವರಿಗೆ ಈ ಪುಸ್ತಕ ದಕ್ಕದು ಎಂಬ ಆಕ್ಷೇಪವಿದೆ. ನಾನು ಒಪ್ಪುವುದಿಲ್ಲ. ರಾಗದ ಹೆಸರು ಗೊತ್ತಿಲ್ಲದವರೂ ನಮ್ಮಲ್ಲಿ ಭಾಗವತರ ಪದಕ್ಕೆ ಬೆಳಗಿನವರೆಗೆ ಕೂರುತ್ತಾರಲ್ಲ!

ಅದನ್ನು ಓದಿ ಮುಗಿಸಿದಾಗಲೆಲ್ಲ ನನಗೆ ನಮ್ಮ ಗದ್ದೆಯ ಆಟ ಏಳು ಪಾಲಾಗಿ ಕಾಣುತ್ತದೆ. ಜಾಗಟೆ ಹಿಡಿದ ಭಾಗವತರು, ಹೆಗಲಿಗೆ ಚೆಂಡೆ ಹಾಕಿ ನಿಂತವನು, ಚಿಟ್ಟಿ ಒಣಗಲು ಕಾಯುವ ವೇಷಧಾರಿ, ಹರಕೆ ಹೇಳಿಕೊಂಡ ಮನೆಯ ಯಜಮಾನ, ಚರುಮುರಿ ಕಲಸುವವನು, ಮುಂದಿನ ಸಾಲಿನ ಅಜ್ಜಿ, ಅವಳ ಮಡಿಲಲ್ಲಿ ನಿದ್ದೆ ಹೋಗಿ ಮಹಿಷನ ಆರ್ಭಟೆಗೆ ಬೆಚ್ಚಿ ಎದ್ದ ಮಗು. ಮಹಿಷ ಒಬ್ಬನೇ, ಆದರೆ ಏಳು ಸಂಚಿಕೆಯಲ್ಲಿ ಏಳು ಬಗೆಯವನು.

ಈಗ ಧರ್ಮಸ್ಥಳ ಮೇಳವೂ ಕಾಲಮಿತಿಗೆ ಬಂದಿದೆ. ಇಡೀ ರಾತ್ರಿಯ ಆಟಗಳು ಕಡಿಮೆಯಾಗುತ್ತಿವೆ. ಪ್ರಸಂಗಗಳು ಪುಸ್ತಕದಲ್ಲಿ ಉಳಿದಾವು, ಪದಗಳು ಧ್ವನಿಮುದ್ರಣದಲ್ಲಿ ಉಳಿದಾವು. ಚೌಕಿಯ ಬೆಳಕು, ನಿದ್ದೆಗಣ್ಣಿನ ಸಭೆ, ನಸುಕಿನ ಚಳಿಯಲ್ಲಿ ಹಾಡುವ ಮಂಗಳ, ಇವನ್ನು ಕೈಯಿಂದ ಬಿಡಿಸಿಯೇ ಇಡಬೇಕು. ನಮ್ಮ ಜಿಲ್ಲೆಯ ಚಿತ್ರಕಾರರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ತಿರುಗಾಟದಲ್ಲಿ ಇಡೀ ರಾತ್ರಿಯ ಆಟವೊಂದಕ್ಕೆ ಪೆನ್ಸಿಲು ಹಿಡಿದು ಬನ್ನಿ, ಮೊದಲು ಚೌಕಿಯಲ್ಲಿ ಕೂರಿ.