ಅವ್ವನ ಪಾಲಿನ ತುಂಡು

ಮೀನು ಮಾಡಿದ ದಿನ ನಿಮ್ಮ ಅವ್ವ ಏನು ಉಣ್ಣುತ್ತಿದ್ದಳು ಎಂದು ಯಾರಾದರೂ ಕೇಳಿದ್ದರೆ, ಇದೇನು ಪ್ರಶ್ನೆ, ಮೀನೇ ಎಂದು ಹೇಳಿಬಿಡುತ್ತಿದ್ದೆ. ಅದು ನಿಜವಲ್ಲವೆಂದು ನನಗೆ ತಿಳಿದದ್ದು ತಲೆಯಲ್ಲಿ ಬಿಳಿ ಕೂದಲು ಕಂಡ ಮೇಲೆ, ಅದೂ ಒಂದು ಬೋಗುಣಿಯ ದೆಸೆಯಿಂದ.

ನನ್ನ ತವರು ಬಸವನ ಬಾಗೇವಾಡಿ ಸೀಮೆಯಲ್ಲಿ ಕೃಷ್ಣೆಯ ದಂಡೆಯ ಮೇಲಿದ್ದ ಒಂದು ಹಳ್ಳಿ. ನಾವು ಅಂಬಿಗರು. ಅಪ್ಪ ಬಲೆ ಬೀಸಿ ತಂದ ಮೀನಿನಲ್ಲಿ ದೊಡ್ಡವೆಲ್ಲ ಸಂತೆಗೆ ಹೋಗುತ್ತಿದ್ದವು, ಸಣ್ಣವು ಮನೆಗೆ ಉಳಿಯುತ್ತಿದ್ದವು. ಅಪರೂಪಕ್ಕೆ ದೊಡ್ಡದೊಂದು ಮನೆಗೆ ಬಂದರೆ ಅಂದು ಹಬ್ಬ. ಅವ್ವ ಒಂದು ಒಲೆಯ ಮೇಲೆ ರೊಟ್ಟಿ, ಪಕ್ಕದ ಒಲೆಯ ಮೇಲೆ ಮೀನು ಇಟ್ಟುಕೊಂಡು ಕುಳಿತರೆ ನಾವೆಲ್ಲ ಉಂಡು ಏಳುವತನಕ ಕದಲುತ್ತಿರಲಿಲ್ಲ. ‘ನೀನೂ ಉಣ್ಣ ಬಾರಬೇ’ ಎಂದರೆ, ‘ನೀವ ಉಣ್ರಿ, ನಂದೇನ ಗಡಿಬಿಡಿ ಇಲ್ಲ’ ಎನ್ನುತ್ತಿದ್ದಳು. ಕಡೆಗೆ ಬಾಲದ ತುಂಡೊಂದು, ತಳದಲ್ಲಿ ಉಳಿದ ಸಾರು. ‘ನನಗ ಸಾರs ಸೇರತೈತಿ’ ಎಂಬ ಅವಳ ಮಾತನ್ನು ನಾವು ಐದೂ ಮಕ್ಕಳು ನಂಬಿದ್ದೆವು. ನಂಬುವುದು ನಮಗೆ ಅನುಕೂಲವೂ ಆಗಿತ್ತು.

1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಎದ್ದು ನಿಲ್ಲುವ ಹೊತ್ತಿಗೆ ನಾವು ದೊಡ್ಡವರಾಗಿದ್ದೆವು. ಹಿನ್ನೀರು ಬಂತು. ಅವ್ವನ ಆ ಎರಡು ಒಲೆಗಳು ಈಗ ನೀರಿನ ಕೆಳಗಿವೆ. ಪುನರ್ವಸತಿಯ ಹೊಸ ಊರಿನಲ್ಲಿ ಅಪ್ಪ ಬಹಳ ದಿನ ಬಾಳಲಿಲ್ಲ. ಅವ್ವ ಮುದ್ದೇಬಿಹಾಳಕ್ಕೆ ನನ್ನ ಹತ್ತಿರ ಬಂದಳು. ನಾನು ಇಲ್ಲಿ ಶಾಲೆಯ ಶಿಕ್ಷಕಿ.

ಕೆಲಸಕ್ಕೆ ಹೋಗುವ ಹೆಂಗಸಿನ ಸಂಜೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಬುಧವಾರ ಶಾಲೆಯಿಂದ ಬರುವಾಗ ಹಿನ್ನೀರಿನ ತಾಜಾ ರೋಹು ಕಂಡಿತು. ಕಿವಿರು ಕೆಂಪಗಿತ್ತು, ಕಣ್ಣು ತಿಳಿಯಾಗಿತ್ತು, ಒತ್ತಿದ ಬೆರಳಿನ ಗುರುತು ಮೈಮೇಲೆ ಉಳಿಯಲಿಲ್ಲ. ಆಸೆಯಿಂದ ಒಂದು ಕಿಲೋ ಕೊಯ್ಯಿಸಿ ತಂದೆ. ಮನೆಗೆ ಬಂದು ನೋಡಿದರೆ ತಿದ್ದಬೇಕಾದ ಉತ್ತರಪತ್ರಿಕೆಯ ಕಟ್ಟು ಕಾದು ಕುಳಿತಿದೆ. ಪುಣೆಯಲ್ಲಿರುವ ಮಗಳಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. ‘ಕಾಯಿಪಲ್ಯೆ, ಮೀನು ಎಲ್ಲಾ ಒಂದs ತಟ್ಟೆಗೆ ಹಾಕಿ ಓವನ್ನಿಗೆ ಇಟ್ಟುಬಿಡವ್ವಾ, ನಾ ಹಂಗs ಮಾಡತೀನಿ’ ಎಂದಳು. ನಮ್ಮಲ್ಲಿ ಓವನ್ ಎಲ್ಲಿಯದು?

ಕೇಳುತ್ತ ಕುಳಿತಿದ್ದ ಅವ್ವ ನಕ್ಕಳು. ‘ಅದೇನ ಹೊಸಾದs? ನಿಮ್ಮಪ್ಪ ರಾತ್ರಿ ದಂಡಿ ಮ್ಯಾಲ ಹಂಗs ಮಾಡತಿದ್ನಂತ. ಗಡಗಿಯೊಳಗ ಬದನಿಕಾಯಿ, ಮ್ಯಾಲ ಮೀನ ಇಟ್ಟು, ಮುಚ್ಚಳದ ಮ್ಯಾಲ ಕೆಂಡ ಹಾಕೂದು.’

ಹಾಗೆಯೇ ಮಾಡಿದೆ. ಮೀನಿನ ತುಂಡುಗಳಿಗೆ ಉಪ್ಪು, ಅರಿಷಿಣ, ಕೆಂಪು ಖಾರ, ಜಜ್ಜಿದ ಬಳ್ಳೊಳ್ಳಿ, ಶುಂಠಿ ಸವರಿಟ್ಟೆ. ದಪ್ಪ ತಳದ ಅಗಲ ಬೋಗುಣಿಗೆ ಎರಡು ಚಮಚ ಕುಸುಬಿ ಎಣ್ಣೆ ಹಾಕಿ, ಉಳ್ಳಾಗಡ್ಡಿಯ ಬಿಲ್ಲೆ ಹಾಸಿ, ಅದರ ಮೇಲೆ ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಬದನೆಕಾಯಿ, ಎಲ್ಲಕ್ಕೂ ಮೇಲೆ ಟೊಮೆಟೊ ಜೋಡಿಸಿ ಉಪ್ಪು ಉದುರಿಸಿದೆ. ನೀರು ಒಂದು ಹನಿಯೂ ಬೇಡ, ಉಳ್ಳಾಗಡ್ಡಿ ಟೊಮೆಟೊ ಬಿಟ್ಟ ನೀರೇ ಸಾಕು. ಮುಚ್ಚಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಆಲೂಗಡ್ಡೆ ನಿಧಾನಿ, ಮೀನು ಅವಸರದ್ದು. ಆದ್ದರಿಂದ ಎರಡನ್ನೂ ಕೂಡಿಯೇ ಇಡಬಾರದು. ಕಾಯಿಪಲ್ಯೆ ಅರೆಬೆಂದ ಮೇಲೆ ಮೀನನ್ನು ಒಂದೇ ಪದರವಾಗಿ ಮೇಲೆ ಮಲಗಿಸಿದೆ. ಕೆಂಡವಿಲ್ಲವಲ್ಲ, ಇನ್ನೊಂದು ಒಲೆಯ ಮೇಲೆ ಕಬ್ಬಿಣದ ಹಂಚು ಚೆನ್ನಾಗಿ ಕಾಯಿಸಿ ಚಪ್ಪಟೆ ಮುಚ್ಚಳದ ಮೇಲೆ ಇಟ್ಟೆ. ಮತ್ತೆ ಹದಿನೈದು ನಿಮಿಷ. ಹೊರಳಿಸುವುದಿಲ್ಲ, ಕೆದಕುವುದಿಲ್ಲ. ಓವನ್ ಇದ್ದವರು 200 ಡಿಗ್ರಿಯಲ್ಲಿ ಕಾಯಿಪಲ್ಯೆ ಇಪ್ಪತ್ತು ನಿಮಿಷ ಬೇಯಿಸಿ, ಆಮೇಲೆ ಮೀನಿಟ್ಟು ಮತ್ತೆ ಹದಿನೈದು ನಿಮಿಷ ಬಿಟ್ಟರೆ ಆಯಿತು. ಮೀನು ಬೆಳ್ಳಗಾಗಿ ಪದರ ಪದರ ಬಿಟ್ಟರೆ ಬೆಂದಿದೆ ಎಂದರ್ಥ. ಇಳಿಸಿದ ಮೇಲೆ ಕೊತ್ತಂಬರಿ, ನಿಂಬೆರಸ. ನಿಂಬೆಹಣ್ಣು ಸಿಂದಗಿಯ ತಂಗಿ ತಂದುಕೊಡುವ ಇಂಡಿಯದು. ರಸ ತುಂಬಿ ಸಿಪ್ಪೆ ತೆಳ್ಳಗಿರುವ ಇಂಡಿ ನಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿದೆ. ತಂಗಿ ಮಾತ್ರ ‘ನಿಂಬಿಹಣ್ಣ ಅಷ್ಟs ಅಲ್ಲ, ನಮ್ಮ ಭೀಮೆಯ ಮೀನs ರುಚಿ’ ಎಂದು ವಾದ ಹೂಡುತ್ತಾಳೆ. ಅವ್ವ ಕೃಷ್ಣೆಯನ್ನು ಬಿಟ್ಟುಕೊಡುವುದಿಲ್ಲ.

ಮೀನು ಬೇಯುವಷ್ಟರಲ್ಲಿ ನಾನು ಹತ್ತು ಉತ್ತರಪತ್ರಿಕೆ ತಿದ್ದಿದೆ. ಡಬ್ಬಿಯಲ್ಲಿ ಖಡಕ್ ರೊಟ್ಟಿ ಇದ್ದವು. ಬೋಗುಣಿ ನಡುವೆ ಇಟ್ಟು ತಾಟು ಹಾಕಿದಾಗ ಒಲೆಯ ಮುಂದೆ ಯಾರಿಗೂ ಕೆಲಸ ಇರಲಿಲ್ಲ. ಅವ್ವನೂ ನಮ್ಮ ಸಂಗಡ ಕೂಡಲೇಬೇಕಾಯಿತು. ನಾನು ಹೊಟ್ಟೆಭಾಗದ ದಪ್ಪ ತುಂಡೊಂದನ್ನು ಅವಳ ತಾಟಿಗೆ ಹಾಕಿದೆ. ಅವಳು ರೂಢಿಯಂತೆ ಮುಳ್ಳು ಬಿಡಿಸಿ ಮೊಮ್ಮಗನ ತಾಟಿನ ಕಡೆಗೆ ಕೈ ಚಾಚಿದಳು. ಮೊಮ್ಮಗನಿಗೆ ಆಗ ಇಪ್ಪತ್ತೆರಡು ವರ್ಷ!

‘ಅವನದು ಅವನಿಗೈತಿ. ನೀ ಉಣ್ಣಬೇ’ ಎಂದೆ.

ಅವ್ವ ತುಂಡನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ, ಏನೋ ತಪ್ಪು ಒಪ್ಪಿಕೊಳ್ಳುವವಳಂತೆ ಸಣ್ಣ ದನಿಯಲ್ಲಿ ಹೇಳಿದಳು: ‘ದೊಡ್ಡ ಮೀನಿನ ನಡುತುಂಡು ನಾ ಉಂಡs ಇಲ್ಲವಾ. ಹೆಂಗ ಇರತೈತಿ ಅನ್ನೂದs ಗೊತ್ತಿಲ್ಲ.’

ಸಾವಿರಾರು ಮೀನು ಹಸನು ಮಾಡಿದ ಕೈ ಅದು. ನಮ್ಮೆಲ್ಲರ ಬಾಯಿಗೆ ಮುಳ್ಳು ಬಿಡಿಸಿ ಇಟ್ಟ ಕೈ. ನನಗೆ ತುತ್ತು ಗಂಟಲಲ್ಲೇ ನಿಂತಿತು. ಅವ್ವನ ಮೇಲಿನ ಮರುಕವೊಂದೇ ಅಲ್ಲ, ಇಷ್ಟು ವರ್ಷ ಸಂಬಳ ತರುವ ನಾನೂ ನನ್ನ ಮನೆಯಲ್ಲಿ ಎಲ್ಲರಿಗೂ ಬಿಸಿ ಬಿಸಿ ಬಡಿಸಿ, ಬಾಲದ ತುಂಡು ಉಂಡು, ‘ನನಗ ಅದs ಸೇರತೈತಿ’ ಎನ್ನುತ್ತಿದ್ದುದು ನೆನಪಾಯಿತು. ಮಗಳು ನನ್ನ ಮಾತನ್ನೂ ನಂಬಿರಬೇಕು.

ಈಗ ಅವ್ವನಿಗೆ ಕಣ್ಣು ಮಂಜು. ರೋಹುವಿನ ಕವಲೊಡೆದ ಸಣ್ಣ ಮುಳ್ಳು ಕಾಣುವುದಿಲ್ಲ, ನಾನು ಬಿಡಿಸಿ ಕೊಡುತ್ತೇನೆ. ಉಪ್ಪು ಕಡಿಮೆ, ಖಾರ ಹೆಚ್ಚು ಎಂದು ಹೆಸರಿಡುವಷ್ಟು ಅವಳು ಸುಧಾರಿಸಿದ್ದಾಳೆ. ಬೋಗುಣಿ ಇಡುವ ಮುಂಚೆ ನಾನು ತಲೆ ಎಣಿಸಿ ತುಂಡು ಎಣಿಸುತ್ತೇನೆ, ನನ್ನನ್ನೂ ಸೇರಿಸಿ.

ಮೊನ್ನೆ ಸಂತೆಗೆ ನನ್ನ ಕೈ ಹಿಡಿದುಕೊಂಡು ಬಂದಿದ್ದಳು. ಮೀನು ಕೊಯ್ಯುವಾಕೆಯ ಮುಂದೆ ನಿಂತು, ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು: ‘ತಂಗೀ, ನಡುವಿನ ತುಂಡ ಜರಾ ದಪ್ಪಗ ಕೊಯ್ಯವಾ. ನನಗ ಬೇಕು.’